ಕಿಕ್ಯೋ ಕೋಣೆಯ ಅತಿಥಿ

ಮಧ್ಯಾಹ್ನವೇ ರೈಲು ನಿಂತಿತು.
ಸುರಂಗದ ಬಾಯಿಗೆ ಹಿಮ ಮೆತ್ತಿಕೊಂಡು
ಒಸಾಕಾದ ದಂಪತಿ ನಡುದಾರಿಯಲ್ಲೆಲ್ಲೋ ಸಿಕ್ಕಿಬಿದ್ದು
ಫೋನಿನಲ್ಲೇ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು.
ಬಗ್ಗಿದ್ದು ಕಾಣದು, ಆದರೆ ದನಿ
ದೂರ ಹೋಗಿ ಹೋಗಿ ಹತ್ತಿರ ಬರುತ್ತದೆ.
ಅಷ್ಟರಲ್ಲಿ ಏಡಿ ಬೆಂದಾಗಿತ್ತು.

ಒಡತಿ ಕಿಟಕಿ ನೋಡಿದಳು, ನನ್ನನ್ನು ನೋಡಿದಳು.
'ಕಿನುಯೊ, ನಿನ್ನ ಬಸ್ಸೂ ಇಲ್ಲ.
ಇವತ್ತು ಕಿಕ್ಯೋ ಕೋಣೆಗೆ ನೀನೇ ಅತಿಥಿ.
ಬೆಂದ ಏಡಿಗೆ ಯಾರಾದರೇನು.'

ರಾತ್ರಿಯೊಂದಕ್ಕೆ ತೊಂಬತ್ತು ಸಾವಿರ ಯೆನ್ನಿನ ಕೋಣೆ.
ಇಪ್ಪತ್ತೊಂಬತ್ತು ವರ್ಷ ಅದನ್ನು
ಮಂಡಿಯೂರಿಯೇ ಕಂಡವಳು ನಾನು.
ಹನ್ನೆರಡೂವರೆ ಚಾಪೆ,
ಮೂರನೆಯದರ ಅಂಚಿಗೆ ಯಾರೋ ಮಂತ್ರಿಯ ಸಿಗರೇಟಿನ ಸುಟ್ಟ ಚುಕ್ಕೆ.
ಚಾಪೆ ಮೂರು ಸಲ ಬದಲಾಯಿತು,
ಚುಕ್ಕೆ ಮಾತ್ರ ನನ್ನ ಕಣ್ಣಲ್ಲೇ ಉಳಿಯಿತು.

ಅಂಗಾತ ಮಲಗಿದಾಗ ಗೊತ್ತಾಯಿತು
ಕೋಣೆಗೆ ಮೇಲ್ಛಾವಣಿಯೂ ಇದೆ!
ದೇವದಾರು ಹಲಗೆ, ನಡುವೆ ಹಸುವಿನ ಕಣ್ಣಿನಂಥ ಗಂಟು.
ಇಷ್ಟು ದಿನ ಅದು
ನನ್ನ ಬೈತಲೆಯನ್ನೇ ನೋಡುತ್ತಿತ್ತೋ ಏನೋ.

ಯುಕಾತಾ ಉಡುವಾಗ ಎಡಸೆರಗು ಮೇಲೆ ಬರಬೇಕು,
ಬಲಸೆರಗು ಮೇಲೆ ಬಂದರೆ ಅದು ಹೆಣದ ಉಡುಗೆ.
ಪರದೇಶದವರು ತಿಳಿಯದೆ ತಪ್ಪಾಗಿ ಉಟ್ಟು ಬಂದರೆ
'ಇನ್ನೂ ಅವಸರವಿಲ್ಲ ಸ್ವಾಮಿ' ಎಂದು
ನಾನೇ ಬಿಚ್ಚಿ ಸರಿಮಾಡಿದ್ದೇನೆ.
ಇವತ್ತು ಸರಿಮಾಡುವವರು ಯಾರೂ ಇಲ್ಲದೆ
ಕನ್ನಡಿ ಮುಂದೆ ಎರಡು ಸಲ ನೋಡಿಕೊಂಡೆ.

ಊಟಕ್ಕೆ ದಿಲ್‌ಮಾಯಾ ಬಂದಳು,
ನೇಪಾಳದ ಹುಡುಗಿ, ಬಂದು ಎಂಟು ತಿಂಗಳು.
ಕಾಗದದ ಬಾಗಿಲನ್ನು ಮೂರು ಎಳೆತದಲ್ಲಿ ತೆರೆಯಬೇಕು:
ಬೆರಳಷ್ಟು, ಮೈಯಷ್ಟು, ಪೂರ್ತಿ.
ಕಲಿಸಿದವಳು ನಾನೇ. ಅವಳು ಎರಡಕ್ಕೇ ಮುಗಿಸಿ
ನಗು ತಡೆದ ತುಟಿಯಲ್ಲಿ
'ಮಾನ್ಯ ಅತಿಥಿಗಳೇ' ಎಂದಳು.

ಮೀನಿನ ತಲೆ ಬಲಕ್ಕಿತ್ತು. ಎಡಕ್ಕಿರಬೇಕು.
ನನ್ನ ಕೈ ತಟ್ಟೆಯವರೆಗೂ ಹೋಗಿ
ಇದು ಅತಿಥಿಯ ಕೈ ಎಂದು ನೆನಪಾಗಿ ಹಿಂದೆ ಬಂತು.
ಬಲಕ್ಕಿದ್ದ ಮೀನೂ ರುಚಿಯಾಗಿಯೇ ಇತ್ತು.
ಇದನ್ನು ಅವಳಿಗೆ ಹೇಳುವುದಿಲ್ಲ.

ಅವಳು ಹೋದ ಮೇಲೆ ಕಿವಿಗೊಟ್ಟೆ.
ಗೋಡೆಯಾಚೆ ಪಾತ್ರೆಯ ಗೂಡು,
ಮುಂದಿನ ತಟ್ಟೆ ಕಾಯುತ್ತ ಒಂಟಿಕಾಲಿಗೆ ಭಾರ ಕೊಟ್ಟು
ನಾವು ನಿಲ್ಲುವ ಮೂಲೆ,
ಓಟ, ಬೈಗುಳ, ಒಡೆದ ಬಟ್ಟಲು,
ಮೂರು ಮಹಡಿ ಏರಿ ಇಳಿದ ಬಿಳಿ ಕಾಲುಚೀಲಗಳು.
ಒಳಗಿನಿಂದ ಕೇಳಿದರೆ
ಏನೂ ಇಲ್ಲ.
ಹಿಮ ಬೀಳುವುದು ಮಾತ್ರ ಕೇಳಿಸುತ್ತಿತ್ತು.
ಇಪ್ಪತ್ತೊಂಬತ್ತು ವರ್ಷ ದುಡಿದು ನಾವು ಮಾಡಿದ್ದು
ಇದನ್ನೇ.
ಸುಮ್ಮನೆ ಒಮ್ಮೆ ಕೆಮ್ಮಿದೆ.

ನಿದ್ದೆ ಬರಲಿಲ್ಲ. ಮೂರು ಗಂಟೆಗೆ
ಅಂಗಳದ ಕಲ್ಲುತೊಟ್ಟಿಗೆ ಇಳಿದೆ.
ಕೊರಳವರೆಗೆ ಗಂಧಕದ ಬಿಸಿ, ನೆತ್ತಿಯ ಮೇಲೆ ಹಿಮ.
ಮಂಡಿಗಳು, ಪಾಪ,
ನೀರಿನಡಿ ಇಬ್ಬರು ಮುದುಕಿಯರಂತೆ ಪಕ್ಕಪಕ್ಕ ಕೂತಿದ್ದವು.

ಬಿದಿರು ಬೇಲಿಯಾಚೆ ಕಂದೀಲು ಬಂತು.
ನೀರು ಕಾಯುವ ಗೆಂಪೇ.
ದಿನಾ ಬೆಳಗ್ಗೆ ನನ್ನ ಕೈಯಿಂದಲೇ ಚಹಾ ಕುಡಿದು
ಚೆನ್ನಾಗಿಲ್ಲ ಅನ್ನುವವನು.
ಕಾಣದ ಅತಿಥಿಗೆ ತಲೆಬಾಗಿ,
'ನೀರು ಹದವಾಗಿದೆಯೇ ತಾಯಿ?'
'ತುಸು ಬಿಸಿ' ಎಂದೆ.
ಆ ದನಿ ಯಾರದೋ, ನನಗೂ ತಿಳಿಯಲಿಲ್ಲ.
ಅವನಿಗಂತೂ ತಿಳಿಯಲೇ ಇಲ್ಲ.
ಬೇಲಿಯ ಮೇಲಿಂದ ಒಂದು ಸಲಿಕೆ ಹಿಮ
ಧೊಪ್ಪನೆ ಬಂದು ಬಿತ್ತು, ಇನ್ನೊಂದು ಬಿತ್ತು,
ಕರಗಿತು.

ಬೆಳಗ್ಗೆ ದಾರಿ ತೆರೆಯಿತು.
ಸೆರಗು ಕಟ್ಟಿ ಕಿಕ್ಯೋ ಕೋಣೆ ಗುಡಿಸಲು ಹೋದೆ.
ಹಾಸಿಗೆ ಮಡಿಸುವಾಗ ಸಿಕ್ಕಿತು.
ಮರೆತುಹೋದ ಸಾಮಾನಿನ ಪುಸ್ತಕ ತೆರೆದು, ನಿಯಮದಂತೆ,
ತಾರೀಖು ಹಾಕಿ ಬರೆದೆ:

ಹೇರ್‌ಪಿನ್ ಒಂದು. ಕಪ್ಪು. ತುದಿ ಸವೆದಿದೆ.
ವಾರಸುದಾರರು ತಿಳಿದುಬಂದಿಲ್ಲ.