ಒಂದು ಸೊನ್ನೆ

ಶಿಡ್ಲಘಟ್ಟ. ಗೂಡಿನ ಮಾರ್ಕೆಟ್ಟಿನ ಹಿಂದಿನ ಮೈದಾನ.
ಹರಾಜು ಮುಗಿದು ಬುಟ್ಟಿಗಳು ಕವುಚಿ ಬಿದ್ದಿವೆ.
ಸೀಜನ್ನಿನ ಎರಡನೇ ಆಟ; ಗೆರೆಯ ಸುಣ್ಣ ಇನ್ನೂ ಹಸಿ.
ಆಟಕ್ಕೆ ಎಂಟುನೂರು, ಗೆದ್ದರೆ ಮೇಲೆ ಇನ್ನೂರು.
ನೋಡಲು ಬಂದವರು ನಲವತ್ತು ಜನ,
ಅದರಲ್ಲಿ ಹತ್ತು ಹುಡುಗರು
ಕ್ರಿಕೆಟ್ಟಿಗೆ ಜಾಗ ಯಾವಾಗ ಬಿಡ್ತಾರೋ ಅಂತ
ವಿಕೆಟ್ಟು ಹಿಡಿದೇ ಕೂತವರು.

ನಾನು ಕ್ಯಾಚರ್. ಅಂದರೆ ಕುಕ್ಕರುಗಾಲಲ್ಲಿ ಕೂತು
ಇಡೀ ಆಟವನ್ನು ತಂತಿಯ ಕಿಟಕಿಯಿಂದ ನೋಡುವವಳು.
ತಂಡದ ಎಂಟು ಮುಖ ನನ್ನ ಕಡೆ,
ನನ್ನ ಮುಖ ಜಬೀನಾಳ ಕಡೆ.

ರಾತ್ರಿಪಾಳಿಯಲ್ಲಿ ನೂಲು ತೆಗೆಯುವವಳು ಜಬೀನಾ.
ಕುದಿನೀರಲ್ಲಿ ಕೈಯಾಡಿಸಿ ಎಳೆಯ ತುದಿ ಹುಡುಕುತ್ತಾಳೆ,
ಕಣ್ಣಿಗೆ ಕಾಣದ್ದನ್ನು ಬೆರಳಿಗೆ ಕೇಳಿ.
ಹೆಬ್ಬೆರಳ ಗೆರೆಯೆಲ್ಲ ಸವೆದು ಹೋಗಿ
ರೇಷನ್ ಅಂಗಡಿಯ ಮಿಷನ್ನು ಅವಳನ್ನು ಒಪ್ಪುವುದಿಲ್ಲ.
ಸೆರಗಿಗೆ ಒರೆಸಿ ಮೂರು ಸಲ ಒತ್ತಿದರೂ
ನೀನು ನೀನಲ್ಲ ಅಂತ ಕೆಂಪು ದೀಪ.

ಚೆಂಡಿಗೆ ನೂರೆಂಟು ಹೊಲಿಗೆ.
ಅಷ್ಟೋತ್ತರವೇನೇ ಅಂತ ನಮ್ಮಮ್ಮ ನಕ್ಕಿದ್ದಳು.
ಜಬೀನಾ ಒಂದೊಂದನ್ನೂ ಸವರಿ, ಯಾವುದೋ ಒಂದರ ಮೇಲೆ ನಿಂತು,
ಆಮೇಲೆ ಎಸೆಯುತ್ತಾಳೆ.

ಎದುರಿಗೆ ಬಂಗಾರಪೇಟೆ. ಅವರ ಸ್ಟೆಲ್ಲಾ, ಎಡಚಿ,
ಚಾಂಪಿಯನ್ ರೀಫಿನಿಂದ ದಿನಾ ರೈಲಲ್ಲಿ ಬಂದು ಆಡುವವಳು.
ಅವಳ ಚೆಂಡು ಗಣಿಯ ಲಿಫ್ಟಿನ ಹಾಗೆ,
ನಿಂತ ನೆಲವನ್ನೇ ಕೆಳಗೆ ಒಯ್ಯುತ್ತೆ.
ಎರಡು ಸಲ ಹೋದೆ,
ಎರಡು ಸಲವೂ ಗಾಳಿಗೆ ಹೊಡೆದು ಬಂದೆ.

ನಮ್ಮ ರನ್ನು ಬಂದ ಬಗೆ ಹೇಳಬಾರದು.
ನಾಲ್ಕನೇ ಇನ್ನಿಂಗ್ಸಲ್ಲಿ ಮುನಿತಾಯಿ ಪುಕ್ಕಟೆ ನಡೆದಳು,
ಎರಡಕ್ಕೆ ಕದ್ದು ಓಡಿದಳು, ಅವರ ಕ್ಯಾಚರ್ ಎಸೆದದ್ದು
ಕಡ್ಲೆಕಾಯಿ ಗಾಡಿಯ ಕೆಳಗೆ ಹೋಯಿತು.
ಪವಿತ್ರಾಳ ಸತ್ತ ಹೊಡೆತಕ್ಕೆ ಮನೆ ಮುಟ್ಟಿದಳು.
ಹರಾಜಿನ ಕಡೆಯ ಬುಟ್ಟಿಯಂಥ ರನ್ನು.
ದರ ಕೇಳದೆ ಇಟ್ಟುಕೊಂಡೆವು.

ಏಳನೆಯದು, ಕೊನೆಯದು. ಇಬ್ಬರು ಔಟು.
ಮೂರನೇ ಚೀಲದ ಮೇಲೆ ಅವರ ಹುಡುಗಿ,
ಒಂದು ಕಾಲು ಆಗಲೇ ನಮ್ಮ ಮನೆಯೊಳಗೆ.
ಇನ್ನೊಂದೇ ಸ್ಟ್ರೈಕು ಬೇಕು.
ಒಂದು ಬೆರಳು ತೋರಿಸಿದೆ: ಬೀಸು.
ತಲೆಯಾಡಿಸಿದಳು.
ಮತ್ತೆ ಒಂದು.
ಮತ್ತೆ ತಲೆ.
ಕೋಪ ಬಂತು, ಸುಳ್ಳು ಹೇಳಲಾರೆ.
ಹೇಳುವವಳು ನಾನು, ತಪ್ಪಿದರೆ ಮಣ್ಣಲ್ಲಿ ಹೊರಳುವವಳೂ ನಾನು.
ಮೂರು ಬೆರಳಿಟ್ಟೆ: ಸರಿ ತಾಯಿ, ನಿನ್ನ ನಿಧಾನದ್ದೇ.

ಬಂತು.
ಬರುತ್ತಾ ಬರುತ್ತಾ ನೆನಪಾದ ಹಾಗೆ
ಒಂದು ಗಳಿಗೆ ತಡೆಯಿತು.
ಬ್ಯಾಟು ಬೀಸಿಯಾಗಿತ್ತು,
ಚೆಂಡು ಆಮೇಲೆ ಇಳಿಯಿತು,
ಧೂಳಿಗೆ ಬಡಿದು ಎದ್ದು ನನ್ನ ಕೊರಳ ಮೂಳೆಗೆ.
ಹಿಡಿಯದ ಮೂರನೆಯದು ಔಟಲ್ಲ, ಅವಳು ಓಡುತ್ತಿದ್ದಾಳೆ,
ಮೂರರವಳೂ ಓಡುತ್ತಿದ್ದಾಳೆ,
ಮುಖವಾಡ ಕಿತ್ತೆಸೆದೆ, ಎಲ್ಲಿ, ಎಲ್ಲಿ,
ನನ್ನ ಎರಡು ಪಾದಗಳ ನಡುವೆಯೇ, ಕೋಳಿಮೊಟ್ಟೆಯ ಹಾಗೆ.
ಬರಿಗೈಲಿ ಎತ್ತಿ ಒಗೆದೆ.
ಅರ್ಧ ಹೆಜ್ಜೆ.

ಬೋರ್ಡಿನ ಮೇಲೆ ಸುಣ್ಣದಲ್ಲಿ ಒಂದು, ಸೊನ್ನೆ.
ಹುಡುಗರು ಆಗಲೇ ವಿಕೆಟ್ಟು ನೆಡುತ್ತಿದ್ದರು.

ಸ್ಟೆಲ್ಲಾ ಗೆರೆ ದಾಟಿ ಬಂದಳು.
'ಅಕ್ಕಾ, ಅದನ್ನ ಎಂಗೆ ಹಿಡೀತೀಯ?'
ಜಬೀನಾ ಏನೂ ಮುಚ್ಚಿಡದೆ ಚೆಂಡು ಕೊಟ್ಟು,
ಅವಳ ಎಡಬೆರಳುಗಳನ್ನು ಒಂದೊಂದಾಗಿ ಹೊಲಿಗೆಗೆ ಕೂರಿಸಿದಳು.
ನಾನು ಕೆಮ್ಮಿದೆ. ಮುಂದಿನ ತಿಂಗಳು ಅವರೂರಲ್ಲೇ ಆಟ.
ಇಬ್ಬರಿಗೂ ಕೇಳಿಸಲಿಲ್ಲ.

ಆರಕ್ಕೆ ಪಾಳಿ ಅಂತ ಜಬೀನಾ ಹೊರಟಳು,
ಸಾವಿರ ರೂಪಾಯಿ ಬ್ಲೌಸಲ್ಲಿ, ಬೂಟು ಕೈಯಲ್ಲಿ.

ರಾತ್ರಿ ಕನ್ನಡಿ ಮುಂದೆ ಅಂಗಿಯ ಗುಂಡಿ ಬಿಚ್ಚಿದೆ.
ಕೊರಳ ಮೂಳೆಯ ಕೆಳಗೆ ಕೆಂಪಗೆ
ಏಳು ಹೊಲಿಗೆ, ಸಾಲಾಗಿ, ಎಣಿಸುವಷ್ಟು ಸ್ಪಷ್ಟ.
ಅಮ್ಮ ಎಣ್ಣೆ ತಂದಳು.
ಇರಲಿ ಬಿಡಮ್ಮಾ, ಅಂದೆ,
ನಾಳೆಯವರೆಗಾದರೂ.