ಪುಟ್ಟಿ ಕೆಲಸ

ಕಡಲಿಗೆ ಇಳಿಯಬಾರದೆಂಬ ಎರಡು ತಿಂಗಳು
ತದಡಿಯಲ್ಲಿ ನಮಗೆ ಸುಗ್ಗಿ.
ದೋಣಿಗಳು ದಂಡೆಗೆ ಬಂದು ಮಗ್ಗುಲಾಗಿ ಮಲಗುತ್ತವೆ,
ನೀಲಿ ತಾಡಪಾಲಿನ ಕೆಳಗೆ ಕುಕ್ಕರಗಾಲಲ್ಲಿ
ನಾನು ಅವುಗಳ ಹೊಟ್ಟೆ ಸವರುತ್ತ ಕೂರುತ್ತೇನೆ.

ಕಣ್ಣಿಗಿಂತ ಅಂಗೈಗೆ ಹೆಚ್ಚು ಗೊತ್ತು.
ಕಲ್ಲಿಗೆ ಉಜ್ಜಿದ್ದು, ಲಂಗರು ತಾಗಿದ್ದು,
ಟೈರು ಕಟ್ಟದ ಕಡೆ ಪಕ್ಕದ ದೋಣಿ ಗುದ್ದಿದ್ದು,
ಒಂದೊಂದರ ಅಂಚು ಒಂದೊಂದು ಥರ ಕಚ್ಚುತ್ತದೆ.

ಮೊದಲು ಕುಮಟೆಯ ಗ್ಯಾರೇಜಿನಲ್ಲಿದ್ದೆ,
ಕಾರಿನ ಬಾಗಿಲು, ಟೆಂಪೋದ ಮಡ್‌ಗಾರ್ಡು.
ಅದೇ ಡಬ್ಬಿ ಹಿಡಿದು ಜಂಭದಲ್ಲಿ ಇಲ್ಲಿಗೆ ಬಂದೆ.
ಚೌತಿಗೆ ಮೊದಲೇ ನನ್ನ ಪುಟ್ಟಿಯೆಲ್ಲ ನೀರು ಕುಡಿದು
ಸುಟ್ಟ ಹಪ್ಪಳದ ಹಾಗೆ ಬೊಕ್ಕೆಯೆದ್ದು
ಹೊಳೆಗೆ ಉದುರಿತು.
ರಸ್ತೆಯ ಮದ್ದು ನೀರಿಗೆ ತಾಗುದಿಲ್ಲವೋ, ಎಂದರು
ಇನಾಸ ಮೇಸ್ತ್ರಿ. ಬೈಯಲಿಲ್ಲ, ನಕ್ಕರು.
ಅದೇ ಹೆಚ್ಚು ಉರಿಯಿತು.

ಅವರು ಮರದ ಕಾಲದವರು.
ಬಳಚಿನ ಚಿಪ್ಪು ಸುಟ್ಟ ಸುಣ್ಣ, ರಾಳ, ಮೀನೆಣ್ಣೆ
ಒರಳಿಗೆ ಹಾಕಿ ದಿನವಿಡೀ ಕುಟ್ಟಿ
ಹಲಗೆಯ ಸಂದಿಗೆ ತುಂಬಿದ ಕೈ.
ಈಗ ಮೂಗು ಸುಡುವ ರೆಸಿನ್,
ಉಸಿರು ಬಿಟ್ಟರೆ ಹಾರುವ ಬಿಳಿ ಪುಡಿ,
ಹಾರ್ಡನರ್ ಹನಿ ಲೆಕ್ಕ:
ಮಳೆ ಹಿಡಿದ ದಿನ ಎರಡು ಹೆಚ್ಚು, ಬಿಸಿಲು ಬಿದ್ದರೆ ಒಂದು ಕಮ್ಮಿ.
ತಪ್ಪಿದರೆ ಕಲಸಿದ ಹಲಗೆಯ ಮೇಲೇ ಕಲ್ಲು.
ಸರಿಯಾದರೆ, ಕೋಳಿ ಆಗಷ್ಟೇ ಇಟ್ಟ ಮೊಟ್ಟೆಯಷ್ಟು ಬಿಸಿ;
ಅಲ್ಲಿಂದ ನನಗೆ ಹತ್ತು ನಿಮಿಷ.

ಬಿರುಕನ್ನು ತುಂಬುವ ಮೊದಲು ದೊಡ್ಡದು ಮಾಡಬೇಕು.
ದೋಣಿ ಯಜಮಾನರನ್ನು ಇದಕ್ಕೆ ಒಪ್ಪಿಸುವುದೇ ಕಷ್ಟ.
ಕೂದಲೆಳೆಯನ್ನು ಉಳಿಯಿಂದ ಅಗಲಿಸಿ
ಅಂಚು ಇಳಿಜಾರು ಮಾಡಿ, ಒರೆಸಿ, ಒಣಗಿಸಿ,
ಆಮೇಲೆ ತುಸು ಉಬ್ಬುವಷ್ಟು ತುಂಬಿ
(ಒಣಗಿದಾಗ ಕುಗ್ಗುತ್ತದೆ, ಕೊಟ್ಟ ಮಾತಿನ ಹಾಗೆ)
ಎಂಬತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನೂರು,
ಮರಳು ಕಾಗದ ನಯವಾಗುತ್ತ ಹೋದಂತೆ
ಕೈಯ ಸದ್ದು ಗೊರಕೆಯಿಂದ ಉಸಿರಿಗೆ ಇಳಿಯುತ್ತದೆ.

ಬಣ್ಣವೊಂದು ಬಾಕಿ. ಬಿಳಿ ಅಂದರೆ ಯಾವ ಬಿಳಿ?
ಡಬ್ಬಿಯ ಬಿಳಿ ಹಚ್ಚಿದರೆ ಹೊಸ ಹಲ್ಲು ಕಟ್ಟಿಸಿಕೊಂಡ ಮುದುಕ.
ಏಳು ಬೇಸಿಗೆ ಕಂಡ ದೋಣಿ ಗಂಜಿತಿಳಿಯ ಬಣ್ಣಕ್ಕೆ ಬಂದಿರುತ್ತದೆ;
ಸಾಸಿವೆಯಷ್ಟು ಹಳದಿ, ಸೂಜಿಮೊನೆಯಷ್ಟು ಕಪ್ಪು.

ಹೊನ್ನಪ್ಪ ಹರಿಕಂತ್ರರ ದೋಣಿಗೆ ಮೂತಿಯ ಬಲಕ್ಕೆ
ಜೇಡರ ಬಲೆಯಂಥ ಬಿರುಕು.
"ನಾಡಿದ್ದು ಕಾಸರಕೋಡಿನವ ನೋಡುಕೆ ಬರ್ತ.
ಕಾಣಬಾರದು, ಅಷ್ಟೇ."
ಅಷ್ಟೇ. ಕಾಣದ ಹಾಗೆ ಮಾಡುವುದೇ ನನ್ನ ಅನ್ನ.
ಆದರೂ ಎರಡು ರೂಪಾಯಿ ನಾಣ್ಯ ತೆಗೆದು ಬಾರಿಸಿದೆ.
ಟಕ್, ಟಕ್, ಟಕ್,
ಬಲೆಯ ನಡುವೆ ದಪ್,
ಹಣ್ಣಾದ ಹಲಸಿಗೆ ಬಡಿದ ಹಾಗೆ.
ಒಳಗೆ ಗಾಜಿನ ನಾರು ಪದರ ಬಿಟ್ಟಿದೆ.
ಪುಟ್ಟಿ ಚರ್ಮಕ್ಕೆ. ಮೂಳೆಗಲ್ಲ.
ಹೊನ್ನಪ್ಪರಿಗೂ ಕೇಳಿಸಿತು. ಬೀಡಿ ಹಚ್ಚಲು
ಕಡ್ಡಿ ಮೂರು ಬೇಕಾದವು.
"ನೀ ತುಂಬು ಮಾರಾಯ."

ತುಂಬಿದೆ. ಸುಳ್ಳು ಯಾಕೆ, ಚೆನ್ನಾಗಿಯೇ ತುಂಬಿದೆ.
ಇನಾಸ ಮೇಸ್ತ್ರಿ ಬಂದರೂ ಹುಡುಕಲಾರರು.

ಕಾಸರಕೋಡಿನ ಹುಡುಗ ಬಂದ, ಇನ್ನೂ ಎಳೆ ಮೀಸೆ.
ಚಪ್ಪಲಿ ಕಳಚಿಟ್ಟು ದೋಣಿ ಮುಟ್ಟಿದ.
ಎರಡು ಸುತ್ತು ಬಂದ. ನನ್ನ ಪುಟ್ಟಿಯ ಮೇಲೆಯೇ ಕೈಯಾಡಿಸಿದ,
ಅಂಗೈ ಎಲ್ಲಿಯೂ ತಡೆಯದೆ ಜಾರಿತು.
ಆ ಜಾರಿದ್ದಕ್ಕೆ ಒಂದು ಗಳಿಗೆ ಹೆಮ್ಮೆಪಟ್ಟೆ.

ಆಮೇಲೆ ಅವನು ಬಗ್ಗಿ
ಪುಡಿಯ ನಡುವಿನಿಂದ ಏನೋ ಹೆಕ್ಕಿದ.
"ನಿಮ್ಮದಾ?"
ಎರಡು ರೂಪಾಯಿ.
ಜೇಬಿಗೆ ಹಾಕಿಕೊಳ್ಳಬಹುದಿತ್ತು.
ಹೊನ್ನಪ್ಪ ಅಳಿವೆಯ ಕಡೆ ನೋಡುತ್ತಿದ್ದರು,
ಅಲ್ಲಿ ಈ ಮಳೆಯಲ್ಲಿ ನೋಡಲು ಏನೂ ಇರಲಿಲ್ಲ.

"ಕಿವಿ ಇಲ್ಲಿಡು ತಮಾ," ಎಂದೆ.