ಪಿಳ್ಳಮ್ಮ ಮೋಟಾರ್ ವೈಂಡಿಂಗ್

ಮೊದಲು ಹೋದದ್ದು ಕೈಯಲ್ಲ, ಮೂಗು.
ಎಸ್‌ಜೆಪಿ ರಸ್ತೆಯ ಆ ಎಂಟಡಿ ಅಂಗಡಿಯಲ್ಲಿ
ಸುಟ್ಟ ಕಾಯಿಲು ಮೂಸಿಯೇ ಹೇಳುತ್ತಿದ್ದ ಅಪ್ಪ:
ಇದು ಓವರ್‌ಲೋಡು, ಇದು ಇಲಿ ಕಡಿದದ್ದು, ಇದು ನೀರು ಕುಡಿದದ್ದು.
ಒಂದು ಸೋಮವಾರ ವಾರ್ನಿಷ್ ಡಬ್ಬ ಉರುಳಿ
ಬೀದಿಯೆಲ್ಲ ಮೂಗು ಮುಚ್ಚಿಕೊಂಡಾಗ
ಸುಮ್ಮನೆ ಟೀ ಹೀರುತ್ತ ಕೂತಿದ್ದ.

ಆಮೇಲೆ ಬಿಲ್ ಪುಸ್ತಕ.
ಅಕ್ಷರ ಸಣ್ಣಗಾಗುತ್ತಾ ಆಗುತ್ತಾ ಸಾಲಿನ ಕೊನೆಗೆ
ಇರುವೆ, ಇರುವೆಯ ಕಾಲು.
‘ಕಾಗದ ಉಳಿಸ್ತಿದೀನಿ ಕಣಮ್ಮ’ ಅಂದ.
ನಕ್ಕೆವು. ಎರಡು ವರ್ಷ ನಕ್ಕೆವು.

ನಾನು ಹೊಸೂರು ರಸ್ತೆಯ ಲ್ಯಾಬಿನಲ್ಲಿ
ಸತ್ತವರ ಮೆದುಳನ್ನು ತೆಳ್ಳಗೆ ಸೀಳಿ ಗಾಜಿಗೇರಿಸುವವಳು.
ಕಪ್ಪಗಿರಬೇಕಾದ ಒಂದು ಗೆರೆ
ತೊಳೆದ ಸ್ಲೇಟಿನಂತೆ ಬಿಳಿಚಿಕೊಂಡದ್ದನ್ನು ಎಷ್ಟು ಸಲ ಕಂಡಿದ್ದೇನೆ.
ಅಲ್ಲಿ ಒಂದೊಂದು ಕೋಶಕ್ಕೂ
ಲಕ್ಷ ಮನೆಗೆ ಲೈನ್ ಎಳೆದ ಹೊಣೆ.
ಒಳಗೆ ಮೈಟೋಕಾಂಡ್ರಿಯ, ಅದರ ಪೊರೆಯಲ್ಲಿ ಮೋಟಾರು
(ನಿಜಕ್ಕೂ ತಿರುಗುತ್ತಪ್ಪ, ರೋಟರಿದೆ, ಶಾಫ್ಟಿದೆ)
ಅಂದಾಗ ಮಾತ್ರ ಅವನ ಕಲ್ಲುಮುಖ ಕದಲಿತು.
‘ಎಷ್ಟು ಆರ್‌ಪಿಎಮ್ಮು?’
ಆರು ಸಾವಿರ ಇರಬಹುದು.
‘ಬೇರಿಂಗ್ ಹೋಗದೆ ಇರುತ್ತಾ ಮತ್ತೆ.’

ಹೋಗುತ್ತದೆ. ಸುಟ್ಟದ್ದು ಹೊಗೆ ಕಾರುತ್ತ
ಪಕ್ಕದ್ದನ್ನೂ ಸುಡುತ್ತದೆ.
ಕೆಟ್ಟದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ
ಹೊತ್ತೊಯ್ಯುವ ಗುಜರಿಯವನೊಬ್ಬನಿದ್ದಾನೆ ಒಳಗೆ,
ಅವನೂ ಬರುವುದು ಬಿಟ್ಟರೆ...
ಅಪ್ಪ ಅಂಗಡಿಯ ಮೂಲೆ ನೋಡಿದ.
ಯಾರೂ ಒಯ್ಯದ ಸ್ಟೇಟರುಗಳ ರಾಶಿ, ಜೇಡನ ಬಲೆ.
‘ಬಿಚ್ಚಿ ಮತ್ತೆ ಸುತ್ತೋಕೆ ಆಗಲ್ವಾ?’
ಇನ್ನೂ ಆಗಲ್ಲ, ಅಂದೆ,
‘ಇನ್ನೂ’ ಅನ್ನುವುದನ್ನು ಒತ್ತಿ.

ಒಂದು ಮಾತು ಹೇಳಲಿಲ್ಲ.
ಈ ಮೋಟಾರು ತಾಯಿಯಿಂದಷ್ಟೇ ಬರುತ್ತದೆ.
ಅವನೊಳಗಿನದೆಲ್ಲ ಕಾಟನ್‌ಪೇಟೆಯ ಪಿಳ್ಳಮ್ಮನದು,
ಬೋರ್ಡಿನ ಮೇಲೂ ಅವಳದೇ ಹೆಸರು.
ನನಗೆ ಅವನದೊಂದೂ ಬಂದಿಲ್ಲ.
ಬಚಾವಾದೆನೆಂದು ಒಮ್ಮೆ ಬಸ್ಸಿನಲ್ಲಿ ಲೆಕ್ಕ ಹಾಕಿದೆ,
ಇಳಿಯುವ ಸ್ಟಾಪು ದಾಟುವವರೆಗೂ
ಆ ಲೆಕ್ಕಕ್ಕೆ ನಾಚಿದೆ.

ಈಗ ಸಂಜೆ ನಾನು ತಂತಿ ಸುತ್ತುತ್ತೇನೆ, ಅವನು ಎಣಿಸುತ್ತಾನೆ.
ನನ್ನ ಸುತ್ತು ಸಡಿಲ. ಗೊತ್ತು, ಬೈಯುತ್ತಾನೆ.
ಅವನ ಬಲಗೈ ಹೆಬ್ಬೆರಳು ತೊಡೆಯ ಮೇಲೆ
ಇಲ್ಲದ ತಂತಿಯನ್ನು ಹೊಸೆಯುತ್ತಲೇ ಇರುತ್ತದೆ.
ನೂರಾ ನಲವತ್ತೊಂದು, ನೂರಾ ನಲವತ್ತೆರಡು,
ಕರೆಂಟು ಹೋಯಿತು,
ನೂರಾ ನಲವತ್ತಮೂರು.